ಪಿಡಿಎಫ್‌ನ ಯಾವ ಭಾಗ ಕಾಗದಕ್ಕೆ ಇಳಿಯಬೇಕು: ಮುದ್ರಣವನ್ನು ಭಾಗವಾರು ನಿಯಂತ್ರಿಸುವ ಕ್ರಮ

ರಾಜಾಜಿನಗರದಲ್ಲಿ ಡಿಟಿಪಿ ಕೆಲಸ ಮಾಡಿಕೊಂಡಿರುವ ನನ್ನ ಬಳಿಗೆ ಮನೆಪಾಠ ಹೇಳುವ ಶಿಕ್ಷಕರು, ಸಂಗೀತ ತರಗತಿ ನಡೆಸುವವರು, ಅಪಾರ್ಟ್‌ಮೆಂಟ್ ಸಂಘಗಳ ಕಾರ್ಯದರ್ಶಿಗಳು ಬರುತ್ತಿರುತ್ತಾರೆ. ಕೆಲಸ ಬೇರೆ ಬೇರೆಯಾದರೂ ಅವರ ಕೋರಿಕೆ ಬಹುಮಟ್ಟಿಗೆ ಒಂದೇ: ಫೈಲನ್ನು ಎಲ್ಲರೂ ಪೂರ್ತಿಯಾಗಿ ಓದಬೇಕು, ಆದರೆ ಅದರಲ್ಲಿ ಕೆಲವು ಭಾಗಗಳನ್ನು ಮಾತ್ರ ಪ್ರಿಂಟ್ ತೆಗೆಯಲು ಬರಬೇಕು. ಶಿಕ್ಷಕರಿಗೆ ಅಭ್ಯಾಸದ ಹಾಳೆಗಳು ಕಾಗದದ ಮೇಲೆ ಬೇಕು, ಉತ್ತರಗಳು ಪರದೆಯಲ್ಲೇ ಉಳಿಯಬೇಕು. ಸಂಗೀತದವರಿಗೆ ಕೃತಿಯ ಸಾಹಿತ್ಯ ಮತ್ತು ಸ್ವರ ಮುದ್ರಣವಾಗಬೇಕು, ಧ್ವನಿಮುದ್ರಿಕೆಗಳ ಲಿಂಕ್ ತುಂಬಿದ ಪುಟಗಳು ಬೇಡ. ಸಂಘದವರಿಗೆ ಸಭೆಯ ನಡವಳಿ ನೋಟಿಸ್ ಬೋರ್ಡಿಗೆ ಬೇಕು, ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡವರ ಪಟ್ಟಿ ಅಲ್ಲಿಗೆ ಹೋಗಬಾರದು.

ಈ ಲೇಖನದ ಉದ್ದಕ್ಕೂ ನಾನು ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳುತ್ತೇನೆ. ಎಸ್ಸೆಸ್ಸೆಲ್ಸಿ ಗಣಿತಕ್ಕೆ ಒಬ್ಬ ಶಿಕ್ಷಕಿಯವರು ಸಿದ್ಧಪಡಿಸಿದ 72 ಪುಟಗಳ ಅಭ್ಯಾಸ ಪುಸ್ತಕ ಅದು. ಮೊದಲ 4 ಪುಟ ಪರಿಚಯ ಮತ್ತು ಪರಿವಿಡಿ, ನಂತರ 40 ಪುಟ ಲೆಕ್ಕಗಳು, ಆಮೇಲೆ 20 ಪುಟ ಬಿಡಿಸಿದ ಉತ್ತರಗಳು, ಕೊನೆಯ 8 ಪುಟ ವಿಡಿಯೋ ಪಾಠಗಳ ಲಿಂಕ್‌ಗಳು.

ಪಿಡಿಎಫ್‌ನ ಬೀಗ ಎಲ್ಲಿಯವರೆಗೆ

ಮೊದಲು ತಿಳಿದುಕೊಳ್ಳಬೇಕಾದ ಸಂಗತಿಯೆಂದರೆ, ಪಿಡಿಎಫ್‌ನಲ್ಲಿ ಪುಟವಾರು ಮುದ್ರಣ ಬೀಗ ಎಂಬುದೇ ಇಲ್ಲ. ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದ ಈ ಮಾದರಿ 2008ರಲ್ಲಿ ಐಎಸ್‌ಓ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು, 2017ರಲ್ಲಿ ಅದರ ಎರಡನೇ ಭಾಗವೂ ಬಂತು. ಅಷ್ಟಾದರೂ ಮುದ್ರಣದ ಅನುಮತಿ ಇಡೀ ಫೈಲಿಗೆ ಒಂದೇ. ಮುದ್ರಿಸಬಹುದೇ ಇಲ್ಲವೇ ಎನ್ನುವುದಕ್ಕೆ ಒಂದು ಗುರುತು, ಮುದ್ರಿಸಬಹುದಾದರೆ ಉತ್ತಮ ಗುಣಮಟ್ಟದಲ್ಲಿಯೋ ಕಡಿಮೆ ಗುಣಮಟ್ಟದಲ್ಲಿಯೋ ಎನ್ನುವುದಕ್ಕೆ ಇನ್ನೊಂದು ಗುರುತು, ಇವೆರಡೇ ಅದರಲ್ಲಿರುವುದು. 5ರಿಂದ 44ನೇ ಪುಟದವರೆಗೆ ಮುದ್ರಿಸಲಿ, 45ರಿಂದ ಮುಂದಕ್ಕೆ ಬೇಡ ಎಂದು ಹೇಳುವ ಜಾಗ ಆ ಪಟ್ಟಿಯಲ್ಲಿ ಇಲ್ಲ. ಹೀಗಾಗಿ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಆ ಹುಡುಕಾಟದಲ್ಲೇ ಒಂದು ಮಧ್ಯಾಹ್ನ ಕಳೆದು ಬಂದವರನ್ನು ನಾನು ಬಹಳ ಕಂಡಿದ್ದೇನೆ, ಆದ್ದರಿಂದಲೇ ಇದನ್ನು ಮೊದಲಿಗೆ ಹೇಳಿದೆ.

ಎರಡನೆಯ ಸಂಗತಿ ಪಾಸ್‌ವರ್ಡಿನದು. ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್‌ಗಳಿವೆ. ಒಂದು ಫೈಲ್ ತೆರೆಯುವುದಕ್ಕೆ. ಇ-ಆಧಾರ್ ಇಳಿಸಿಕೊಂಡವರಿಗೆ ಇದು ಗೊತ್ತು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷವನ್ನು ಒತ್ತದ ಹೊರತು ಅದು ತೆರೆಯುವುದೇ ಇಲ್ಲ. ಇನ್ನೊಂದು ಅನುಮತಿಗಳ ಪಾಸ್‌ವರ್ಡ್. ಇದನ್ನು ಮಾತ್ರ ಹಾಕಿದ ಫೈಲ್ ಯಾರ ಬಳಿಯಲ್ಲಾದರೂ ಸರಾಗವಾಗಿ ತೆರೆಯುತ್ತದೆ, ಆದರೆ ಪ್ರಿಂಟ್ ಬಟನ್ ಮಸುಕಾಗಿರುತ್ತದೆ. ಇವೆರಡರ ಬಲದಲ್ಲಿ ಅಜಗಜಾಂತರವಿದೆ. ತೆರೆಯುವ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಒಳಗಿನ ಬರಹವನ್ನು ಬಿಡಿಸಿ ಓದಲು ಬೇಕಾದ ಕೀಲಿಯೇ ಸಿಗುವುದಿಲ್ಲ. ಮುದ್ರಣದ ನಿರ್ಬಂಧವಾದರೋ, ಬೀಗ ಹಾಕಿ ಬೀಗದ ಕೈಯನ್ನು ಅದೇ ಬಾಗಿಲ ಮೊಳೆಗೆ ತೂಗುಹಾಕಿದಂತೆ: ಫೈಲನ್ನು ಪರದೆಯ ಮೇಲೆ ತೋರಿಸಲು ಬೇಕಾದ ಕೀಲಿ ಹೇಗೂ ಓದುವ ತಂತ್ರಾಂಶದ ಕೈಗೆ ಬಂದಿರುತ್ತದೆ, ಮುದ್ರಿಸಬೇಡ ಎಂಬ ಸೂಚನೆಯನ್ನು ಆ ತಂತ್ರಾಂಶ ಗೌರವಿಸಬೇಕು ಅಷ್ಟೆ. ಅಡೋಬಿಯ ರೀಡರ್ ಗೌರವಿಸುತ್ತದೆ, ಗೌರವಿಸದ ತಂತ್ರಾಂಶಗಳೂ ಇವೆ. ಜೊತೆಗೆ ಪರದೆಯ ಮೇಲೆ ಕಾಣುವುದನ್ನು ಫೋನಿನಲ್ಲಿ ಚಿತ್ರ ತೆಗೆಯಲು ಯಾರಿಗೂ ಅಡ್ಡಿಯಿಲ್ಲ.

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕೆಲಸದ ದಾರಿ ಸ್ಪಷ್ಟವಾಗುತ್ತದೆ. ಕಾಗದಕ್ಕೆ ಬೇಕಾದ ಭಾಗಕ್ಕೆ ಒಂದು ಫೈಲ್, ಪರದೆಗೆ ಮಾತ್ರ ಬೇಕಾದ ಭಾಗಕ್ಕೆ ಇನ್ನೊಂದು ಫೈಲ್ ಮಾಡಬೇಕು. ಯಾರ ಕೈಗೂ ಕಾಗದದಲ್ಲಿ ಸಿಗಲೇಬಾರದು ಎನ್ನುವ ಭಾಗವನ್ನು ಯಾವ ಫೈಲಿನಲ್ಲೂ ಇಡಬಾರದು.

ಮೊದಲ ಹೆಜ್ಜೆ: ಪುಟಪಟ್ಟಿ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆಯ ಮೇಲೆ ಫೈಲಿನ ಭಾಗಗಳನ್ನು ಬರೆದು, ಪ್ರತಿಯೊಂದರ ಎದುರಿಗೆ ಮೂರರಲ್ಲಿ ಒಂದನ್ನು ಗುರುತಿಸಿ: ಮುದ್ರಣಕ್ಕೆ, ಪರದೆಗೆ, ಎರಡಕ್ಕೂ. ನಮ್ಮ ಉದಾಹರಣೆಯಲ್ಲಿ ಲೆಕ್ಕಗಳ 40 ಪುಟ ಎರಡಕ್ಕೂ ಬೇಕು, ಪರಿಚಯ, ಉತ್ತರ ಮತ್ತು ಲಿಂಕ್‌ಗಳು ಪರದೆಗೆ ಸಾಕು. ಪರಿಚಯವನ್ನು ಮುದ್ರಣದಿಂದ ಬಿಡಬಹುದು ಎಂಬುದು ಶಿಕ್ಷಕಿಯವರಿಗೆ ಪಟ್ಟಿ ಬರೆಯುವಾಗಲೇ ಹೊಳೆಯಿತು. 72 ಪುಟವನ್ನು ಎರಡೂ ಬದಿಗೆ ಮುದ್ರಿಸಿದರೆ 36 ಹಾಳೆ, 40 ಪುಟಕ್ಕೆ 20 ಹಾಳೆ. ಒಬ್ಬ ವಿದ್ಯಾರ್ಥಿಗೆ 16 ಹಾಳೆ ಉಳಿಯಿತು, ಅದೂ ಯಾವ ಬೀಗವನ್ನೂ ಹಾಕದೆ.

ಪಟ್ಟಿ ಮಾಡುವಾಗ ಓದುಗರು ಎಲ್ಲಿ ಪ್ರಿಂಟ್ ತೆಗೆಯುತ್ತಾರೆ ಎಂಬುದನ್ನೂ ಯೋಚಿಸಬೇಕು. ಬೆಂಗಳೂರಿನಲ್ಲಿ ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡವರಿಗಿಂತ ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋಗುವವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಕೋಚಿಂಗ್ ಸೆಂಟರುಗಳಿರುವ ವಿಜಯನಗರದ ಕಡೆ ಸಂಜೆ ಹೊತ್ತು ಅಂಗಡಿಯ ಮುಂದೆ ನಿಂತು ನೋಡಿ. ವಿದ್ಯಾರ್ಥಿಗಳು ಅಂಗಡಿಯ ನಂಬರಿಗೆ ವಾಟ್ಸಾಪ್‌ನಲ್ಲಿ ಫೈಲ್ ಕಳುಹಿಸುತ್ತಾರೆ, ಅಂಗಡಿಯವರು ಅದನ್ನು ಬ್ರೌಸರಿನಲ್ಲಿ ತೆರೆದು ಕಂಟ್ರೋಲ್-ಪಿ ಒತ್ತುತ್ತಾರೆ, ಹಿಂದೆ ಇನ್ನೂ ಐದು ಜನ ಕಾಯುತ್ತಿರುತ್ತಾರೆ. ಯಾವ ಪುಟದಿಂದ ಯಾವ ಪುಟಕ್ಕೆ ಎಂದು ಕೇಳಲು ಅವರಿಗೆ ಸಮಯವಿರುವುದಿಲ್ಲ. ಪ್ರಿಂಟ್ ಬರದ ಫೈಲಾದರೆ "ಸರ್, ಇದು ಲಾಕ್ ಆಗಿದೆ, ಸ್ಕ್ರೀನ್‌ಶಾಟ್ ತೆಗೆದು ಕಳಿಸಿ" ಎನ್ನುತ್ತಾರೆ. 1080 ಚುಕ್ಕಿ ಅಗಲದ ಫೋನ್ ಪರದೆಯ ಚಿತ್ರವನ್ನು 210 ಮಿಲಿಮೀಟರ್ ಅಗಲದ ಎ4 ಹಾಳೆಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು 130 ಚುಕ್ಕಿ ಮಾತ್ರ ಬೀಳುತ್ತದೆ. ವರ್ಗಮೂಲದ ಚಿಹ್ನೆ, ಘಾತಾಂಕದ ಸಣ್ಣ ಅಂಕಿ, ಒತ್ತಕ್ಷರ ಎಲ್ಲವೂ ಮಸುಕಾಗುತ್ತವೆ. ಮುದ್ರಿಸಲೇಬೇಕಾದ ಪುಟಗಳಿಗೆ ಅನಗತ್ಯವಾಗಿ ಬೀಗ ಹಾಕಿದವರು ತಮ್ಮ ವಿದ್ಯಾರ್ಥಿಗಳ ಕೈಗೆ ಕೊಡುವುದು ಇಂಥ ಹಾಳೆಯನ್ನು.

ಎರಡನೇ ಹೆಜ್ಜೆ: ಒಂದು ಮೂಲ, ಎರಡು ಪಿಡಿಎಫ್

ಎರಡು ಫೈಲ್ ಎಂದ ಕೂಡಲೇ ಎರಡು ಮೂಲ ಪ್ರತಿಗಳನ್ನು ಇಟ್ಟುಕೊಳ್ಳುವ ತಪ್ಪನ್ನು ಮಾಡಬೇಡಿ. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಉಳಿದುಬಿಡುತ್ತದೆ. 17ನೇ ಲೆಕ್ಕದ ಅಂಕಿ ಬದಲಾಗಿ ಉತ್ತರ ಹಳೆಯದೇ ಉಳಿದರೆ ಮಕ್ಕಳು ತಮ್ಮದೇ ತಪ್ಪೆಂದು ತಿಳಿದು ಗಂಟೆಗಟ್ಟಲೆ ಒದ್ದಾಡುತ್ತಾರೆ. ಮೂಲ ಒಂದೇ ಇರಬೇಕು, ಅದರಿಂದ ಎರಡು ಪಿಡಿಎಫ್ ಹೊರಡಬೇಕು.

ಉತ್ತರಗಳೆಲ್ಲ ಪುಸ್ತಕದ ಕೊನೆಯಲ್ಲಿ ಒಟ್ಟಿಗೆ ಇದ್ದರೆ ಕೆಲಸ ಸುಲಭ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ರೈಟರಿನಲ್ಲಿ 'ಫೈಲ್' ಮೆನುವಿಗೆ ಹೋಗಿ 'ಎಕ್ಸ್‌ಪೋರ್ಟ್ ಆಸ್' ಅಡಿಯಲ್ಲಿ 'ಎಕ್ಸ್‌ಪೋರ್ಟ್ ಆಸ್ ಪಿಡಿಎಫ್' ಆಯ್ದುಕೊಳ್ಳಿ. ತೆರೆಯುವ ಕಿಟಕಿಯ 'ಜನರಲ್' ವಿಭಾಗದಲ್ಲಿ ಮೇಲೆಯೇ 'ರೇಂಜ್' ಇದೆ. ಅಲ್ಲಿ 'ಪೇಜಸ್' ಗುರುತಿಸಿ 5-44 ಎಂದು ಬರೆದರೆ ಆ 40 ಪುಟಗಳು ಮಾತ್ರ ಹೊಸ ಪಿಡಿಎಫ್ ಆಗುತ್ತವೆ. ಎರಡನೇ ಬಾರಿ 'ಆಲ್' ಗುರುತಿಸಿ ಪೂರ್ತಿ ಫೈಲನ್ನು ಬೇರೆ ಹೆಸರಿನಲ್ಲಿ ಹೊರಡಿಸಿ. ಮೂಲ ಕೈಯಲ್ಲಿಲ್ಲದೆ ಪಿಡಿಎಫ್ ಮಾತ್ರ ಇದ್ದರೆ, ಅದನ್ನು ಕ್ರೋಮ್ ಬ್ರೌಸರಿನಲ್ಲಿ ತೆರೆದು, ಪ್ರಿಂಟ್ ಕಿಟಕಿಯಲ್ಲಿ ಪ್ರಿಂಟರಿನ ಬದಲು 'ಸೇವ್ ಆಸ್ ಪಿಡಿಎಫ್' ಆಯ್ದು ಪುಟಸಂಖ್ಯೆ ಕೊಟ್ಟರೂ ಸಾಕು.

ಉತ್ತರಗಳು ಪ್ರತಿ ಲೆಕ್ಕದ ಕೆಳಗೆಯೇ ಇದ್ದಾಗ ಪುಟಸಂಖ್ಯೆಯಿಂದ ಬೇರ್ಪಡಿಸಲಾಗುವುದಿಲ್ಲ. ಇಲ್ಲಿ ನೆರವಿಗೆ ಬರುವುದು ರೈಟರಿನ 'ಸೆಕ್ಷನ್'. ಒಂದು ಉತ್ತರದ ಸಾಲುಗಳನ್ನು ಸೆಲೆಕ್ಟ್ ಮಾಡಿ, 'ಇನ್ಸರ್ಟ್' ಮೆನುವಿನಲ್ಲಿ 'ಸೆಕ್ಷನ್' ಒತ್ತಿ, 'ಉತ್ತರ 1' ಎಂದು ಹೆಸರಿಡಿ. ಅದೇ ಕಿಟಕಿಯಲ್ಲಿ 'ಹೈಡ್' ಎಂಬ ಚಿಕ್ಕ ಪೆಟ್ಟಿಗೆಯಿದೆ, ಅದಕ್ಕೆ ಗುರುತು ಹಾಕಿದರೆ ಆ ಭಾಗ ಮರೆಯಾಗುತ್ತದೆ, ಆ ಸ್ಥಿತಿಯಲ್ಲಿ ಹೊರಡಿಸಿದ ಪಿಡಿಎಫ್‌ಗೆ ಅದು ಹೋಗುವುದೂ ಇಲ್ಲ. ಹತ್ತು ಉತ್ತರಗಳಾದರೆ ಕೈಯಾರೆ ಗುರುತು ಹಾಕಬಹುದು. ನೂರಾರು ಇದ್ದರೆ ಒಂದು ಷರತ್ತಿಗೆ ಕಟ್ಟುವುದು ಒಳ್ಳೆಯದು. 'ಇನ್ಸರ್ಟ್' ಮೆನುವಿನ 'ಫೀಲ್ಡ್' ಅಡಿಯ 'ಮೋರ್ ಫೀಲ್ಡ್ಸ್' ತೆರೆದು, 'ವೇರಿಯಬಲ್ಸ್' ವಿಭಾಗದಲ್ಲಿ 'ಯೂಸರ್ ಫೀಲ್ಡ್' ಆಯ್ದು, ಮುದ್ರಣ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ಬೆಲೆಯನ್ನು 1 ಎಂದು ಇಡಿ. ಪ್ರತಿ ಉತ್ತರದ ಸೆಕ್ಷನ್ ಮಾಡುವಾಗ 'ಹೈಡ್' ಕೆಳಗಿನ 'ವಿತ್ ಕಂಡಿಶನ್' ಜಾಗದಲ್ಲಿ ಅದೇ ಹೆಸರು, ಎರಡು ಸಮ ಚಿಹ್ನೆ, 1 ಎಂದು ಬರೆಯಿರಿ. ಇನ್ನು ಮುಂದೆ ಆ ಒಂದು ಬೆಲೆಯನ್ನು 1 ಮಾಡಿ ಎಫ್9 ಒತ್ತಿದರೆ ಎಲ್ಲ ಉತ್ತರಗಳೂ ಒಟ್ಟಿಗೆ ಮರೆಯಾಗುತ್ತವೆ, 0 ಮಾಡಿ ಎಫ್9 ಒತ್ತಿದರೆ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಮೊದಲ ಬಾರಿ ಇದನ್ನು ಕಟ್ಟಲು ಒಂದು ದಿನವೇ ಹಿಡಿಯಬಹುದು. ಆದರೆ ಮುಂದಿನ ವರ್ಷ ಪಠ್ಯ ತಿದ್ದುವಾಗ ಆ ದಿನದ ಶ್ರಮ ಪೂರ್ತಿಯಾಗಿ ಹಿಂದಿರುಗುತ್ತದೆ, ಹಾಗಾಗಿ ಪ್ರತಿ ವರ್ಷ ಬಳಸುವ ಪುಸ್ತಕವಾದರೆ ಈ ದಾರಿಯನ್ನೇ ಹಿಡಿಯಿರಿ ಎಂದು ನಾನು ಒತ್ತಾಯಿಸುತ್ತೇನೆ.

ಉತ್ತರಗಳು ಮರೆಯಾದಾಗ ಪುಟಗಳು ಮೇಲಕ್ಕೆ ಸರಿದು ಪುಟಸಂಖ್ಯೆ ಬದಲಾಗುತ್ತದೆ. ಪ್ರತಿ ಸಲ ಪಿಡಿಎಫ್ ಹೊರಡಿಸುವ ಮುನ್ನ ಪರಿವಿಡಿಯನ್ನು ಅಪ್‌ಡೇಟ್ ಮಾಡಬೇಕು. ಎರಡು ಫೈಲ್‌ಗಳ ನಡುವೆ ಒಂದರಿಂದ ಇನ್ನೊಂದಕ್ಕೆ ಹಾರುವ ಲಿಂಕ್ ಕೊಡುವುದನ್ನು ನಾನು ಬಿಟ್ಟಿದ್ದೇನೆ, ಏಕೆಂದರೆ ಫೈಲಿನ ಹೆಸರೋ ಜಾಗವೋ ಬದಲಾದ ಕೂಡಲೇ ಅದು ಕೆಲಸ ಮಾಡುವುದಿಲ್ಲ. ಅದರ ಬದಲು ಪುಟದ ಸಂಖ್ಯೆಯನ್ನು ನೆಚ್ಚದೆ ಲೆಕ್ಕದ ಸಂಖ್ಯೆಯನ್ನೇ ನೆಚ್ಚಿ, 'ಉತ್ತರಕ್ಕೆ ನೋಡಿ: ಅಧ್ಯಾಯ 3, ಲೆಕ್ಕ 17' ಎಂದು ಬರೆದರೆ ಎರಡೂ ಫೈಲ್‌ಗಳಲ್ಲಿ ಸರಿಹೋಗುತ್ತದೆ.

ಡಿಟಿಪಿಯವರು ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್ ಬಳಸುತ್ತಿದ್ದರೆ ಉತ್ತರಗಳನ್ನು ಪ್ರತ್ಯೇಕ ಲೇಯರಿನಲ್ಲಿ, ಅಂದರೆ ಪುಟದ ಮೇಲೆ ಹಾಸಿದ ಪಾರದರ್ಶಕ ಹಾಳೆಯಂಥ ಪದರದಲ್ಲಿ ಇಟ್ಟು, ಆ ಲೇಯರಿನ ಆಯ್ಕೆಗಳಲ್ಲಿ 'ಪ್ರಿಂಟ್ ಲೇಯರ್' ಗುರುತನ್ನು ತೆಗೆಯಬಹುದು. ಪಿಡಿಎಫ್ ಹೊರಡಿಸುವಾಗ ಕಾಣುವ ಮತ್ತು ಮುದ್ರಣವಾಗುವ ಲೇಯರುಗಳು ಮಾತ್ರ ಎಂಬ ಆಯ್ಕೆ ಇಟ್ಟರೆ ಉತ್ತರಗಳು ಹೊರಗೇ ಉಳಿಯುತ್ತವೆ.

ಮೂರನೇ ಹೆಜ್ಜೆ: ಪರದೆಯ ಫೈಲಿಗೆ ನಿರ್ಬಂಧ

ಈಗ ಮುದ್ರಣದ ಫೈಲಿಗೆ ಯಾವ ಬೀಗವೂ ಬೇಡ. ಪರದೆಯ ಫೈಲಿಗೆ ಮಾತ್ರ ಮುದ್ರಣ ನಿರ್ಬಂಧ ಹಾಕಬೇಕು. ಲಿಬ್ರೆಆಫೀಸಿನ ಅದೇ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ 'ಸೆಕ್ಯೂರಿಟಿ' ವಿಭಾಗಕ್ಕೆ ಹೋಗಿ 'ಸೆಟ್ ಪಾಸ್‌ವರ್ಡ್ಸ್' ಒತ್ತಿ. ತೆರೆಯುವ ಪಾಸ್‌ವರ್ಡಿನ ಜಾಗವನ್ನು ಖಾಲಿ ಬಿಟ್ಟು, ಅನುಮತಿಗಳ ಪಾಸ್‌ವರ್ಡನ್ನು ಮಾತ್ರ ಬರೆಯಿರಿ. ಆಗ 'ಪ್ರಿಂಟಿಂಗ್' ಎಂಬಲ್ಲಿ ಮೂರು ಆಯ್ಕೆಗಳು ಜೀವ ಪಡೆಯುತ್ತವೆ: ಅನುಮತಿ ಇಲ್ಲ, ಕಡಿಮೆ ಗುಣಮಟ್ಟ, ಉತ್ತಮ ಗುಣಮಟ್ಟ. ಪರದೆಯ ಫೈಲಿಗೆ ಮೊದಲನೆಯದನ್ನು ಆಯ್ದುಕೊಳ್ಳಿ.

ನಡುವಿನ ಆಯ್ಕೆಯ ಬಗ್ಗೆ ಕನ್ನಡದವರು ವಿಶೇಷವಾಗಿ ಎಚ್ಚರವಿರಬೇಕು. ಅದು ಇಂಚಿಗೆ 150 ಚುಕ್ಕಿಗಳ ಮಟ್ಟದ ಮುದ್ರಣ. 11 ಪಾಯಿಂಟ್ ಅಕ್ಷರಕ್ಕೆ ಆ ಲೆಕ್ಕದಲ್ಲಿ ಸಿಗುವ ಎತ್ತರ ಸುಮಾರು 23 ಚುಕ್ಕಿ. 600 ಚುಕ್ಕಿಗಳ ಸಾಮಾನ್ಯ ಲೇಸರ್ ಪ್ರಿಂಟಿನಲ್ಲಿ ಅದೇ ಅಕ್ಷರಕ್ಕೆ ಸುಮಾರು 92 ಚುಕ್ಕಿ ಸಿಗುತ್ತದೆ. ಇಂಗ್ಲಿಷ್ ಅಕ್ಷರ 23 ಚುಕ್ಕಿಯಲ್ಲಿ ಹೇಗೋ ಓದಿಸಿಕೊಳ್ಳುತ್ತದೆ. ಆದರೆ 'ಸ್ವಾತಂತ್ರ್ಯ' ಎಂಬ ಪದವನ್ನು ನೋಡಿ. 'ತ'ಕಾರದ ಕೆಳಗೆ 'ರ'ಕಾರದ ಒತ್ತು, ಅದರ ಪಕ್ಕದಲ್ಲಿ 'ಯ'ಕಾರದ ಒತ್ತು, ಇಷ್ಟೂ ಆ ಎತ್ತರದ ಕೆಳಭಾಗದ ಕೆಲವೇ ಚುಕ್ಕಿಗಳಲ್ಲಿ ಇರುಕಿಕೊಳ್ಳಬೇಕು. ಹಾಳೆಯ ಮೇಲೆ ಅದೊಂದು ಶಾಯಿಯ ಮುದ್ದೆಯಾಗಿ ಬರುತ್ತದೆ. ಕನ್ನಡದ ಫೈಲಿಗೆ ಮುದ್ರಣ ಬೇಕು ಅಥವಾ ಬೇಡ, ಇವೆರಡರಲ್ಲಿ ಒಂದನ್ನು ನಿರ್ಧರಿಸಿ. ನಡುವಿನದು ಯಾರಿಗೂ ಉಪಯೋಗವಿಲ್ಲ.

ಅದೇ ಕಿಟಕಿಯ ಕೆಳಭಾಗದಲ್ಲಿ ಪಠ್ಯವನ್ನು ಕಾಪಿ ಮಾಡಲು ಬಿಡುವ ಆಯ್ಕೆ ಮತ್ತು ಓದಿ ಹೇಳುವ ತಂತ್ರಾಂಶಗಳಿಗೆ ಪಠ್ಯ ಸಿಗುವ ಆಯ್ಕೆ ಇವೆ. ಎರಡನೆಯದರ ಗುರುತನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಕಣ್ಣು ಕಾಣದ ವಿದ್ಯಾರ್ಥಿಗಳು ಸ್ಕ್ರೀನ್ ರೀಡರ್ ಇಟ್ಟುಕೊಂಡು ಓದುತ್ತಾರೆ, ಅವರಿಗೆ ನಿಮ್ಮ ಮುದ್ರಣ ನಿರ್ಬಂಧದಿಂದ ತೊಂದರೆಯಿಲ್ಲ, ಆದರೆ ಈ ಗುರುತು ಹೋದರೆ ಪುಸ್ತಕವೇ ಮುಚ್ಚಿದಂತಾಗಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಅಂಗವಿಕಲರಿಗೆ ಓದಲು ಆಗುವ ರೂಪದಲ್ಲಿ ಕೃತಿಯನ್ನು ಸಿದ್ಧಪಡಿಸಿಕೊಡಲು ಅವಕಾಶ ಮಾಡಿಕೊಟ್ಟಿದೆ. ಅದೇ ತಿದ್ದುಪಡಿಯ 65ಎ ಸೆಕ್ಷನ್ ತಾಂತ್ರಿಕ ರಕ್ಷಣೆಯನ್ನು ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿಯುವುದನ್ನು ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡ ವಿಧಿಸಬಹುದಾದ ಅಪರಾಧವಾಗಿಸಿದೆ. ಬೀಗ ಹಾಕುವವರು ಈ ಎರಡನ್ನೂ ಒಟ್ಟಿಗೆ ಓದಿಕೊಳ್ಳಬೇಕು.

ಒಂದು ತಾಂತ್ರಿಕ ತೊಡಕನ್ನೂ ಇಲ್ಲೇ ಹೇಳುತ್ತೇನೆ. ದೀರ್ಘಕಾಲದ ಸಂಗ್ರಹಕ್ಕಾಗಿ ರೂಪಿಸಿದ ಪಿಡಿಎಫ್/ಎ ಎಂಬ ಮಾದರಿಯಲ್ಲಿ ಗೂಢಲಿಪೀಕರಣಕ್ಕೆ, ಅಂದರೆ ಪಾಸ್‌ವರ್ಡ್ ಹಾಕಿದಾಗ ಫೈಲಿನ ಒಳಗಿನದನ್ನು ಗುಟ್ಟಿನ ರೂಪಕ್ಕೆ ಬದಲಿಸುವುದಕ್ಕೆ, ಅವಕಾಶವೇ ಇಲ್ಲ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಅದಕ್ಕೆ ಗುರುತು ಹಾಕಿದ್ದರೆ ಮುದ್ರಣ ನಿರ್ಬಂಧ ಹಾಕಲು ಬರುವುದಿಲ್ಲ. ಪಾಸ್‌ವರ್ಡ್ ಬಟನ್ ಮಸುಕಾಗಿದ್ದರೆ ಮೊದಲು ಆ ಗುರುತನ್ನು ನೋಡಿ.

ನಿರ್ಬಂಧ ಇನ್ನಷ್ಟು ಬಿಗಿಯಾಗಿರಬೇಕು ಎನ್ನುವವರು ಪರದೆಯ ಫೈಲನ್ನು ವಾಟ್ಸಾಪಿನಲ್ಲಿ ಕಳುಹಿಸದೆ ಗೂಗಲ್ ಡ್ರೈವ್‌ನಲ್ಲಿ ಇಡಬಹುದು. 'ಶೇರ್' ಕಿಟಕಿಯ ಸೆಟ್ಟಿಂಗ್ಸ್ ಚಿಹ್ನೆಯನ್ನು ಒತ್ತಿದಾಗ, ನೋಡುವವರಿಗೂ ಕಾಮೆಂಟ್ ಮಾಡುವವರಿಗೂ ಡೌನ್‌ಲೋಡ್, ಪ್ರಿಂಟ್, ಕಾಪಿ ಆಯ್ಕೆಗಳು ಕಾಣಬೇಕೇ ಎಂಬ ಸಾಲು ಬರುತ್ತದೆ. ಅದರ ಗುರುತು ತೆಗೆದು ಲಿಂಕನ್ನು ಕಳುಹಿಸಿ. ಇದೂ ಇಡೀ ಫೈಲಿಗೆ ಅನ್ವಯಿಸುವ ಸೆಟ್ಟಿಂಗ್, ಆದ್ದರಿಂದಲೇ ಹಿಂದಿನ ಹೆಜ್ಜೆಯಲ್ಲಿ ಭಾಗ ಮಾಡಿಕೊಂಡದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಫೈಲ್ ಅವರ ಫೋನಿನಲ್ಲಿ ಇರದ ಕಾರಣ, ತಪ್ಪು ಕಂಡಾಗ ನೀವು ತಿದ್ದಿದ ಪ್ರತಿಯನ್ನು ಅದೇ ಲಿಂಕಿನಲ್ಲಿ ಕೊಡಬಹುದು ಎಂಬುದು ಇದರ ಇನ್ನೊಂದು ಅನುಕೂಲ.

ಒಂದೇ ಫೈಲ್ ಬೇಕೇ ಬೇಕು ಎಂದಾದರೆ

ಕೆಲವರಿಗೆ ಎರಡು ಫೈಲ್ ಒಪ್ಪಿಗೆಯಾಗುವುದಿಲ್ಲ. ಅವರಿಗೆ ಪಿಡಿಎಫ್‌ನ ಲೇಯರುಗಳು ಇವೆ. ಪಿಡಿಎಫ್ ತಿದ್ದಲು ಬರುವ ಅಡೋಬಿಯ ತಂತ್ರಾಂಶ ಅಕ್ರೊಬ್ಯಾಟ್ ಪ್ರೊದಲ್ಲಿ ಲೇಯರಿನ ಪ್ರಾಪರ್ಟೀಸ್ ತೆರೆದರೆ, ಮುದ್ರಣಕ್ಕೆ ಮೂರು ಬಗೆ ಕಾಣುತ್ತದೆ: ಯಾವಾಗಲೂ ಮುದ್ರಿಸು, ಎಂದಿಗೂ ಮುದ್ರಿಸಬೇಡ, ಪರದೆಯಲ್ಲಿ ಕಂಡಾಗ ಮುದ್ರಿಸು. ಉತ್ತರಗಳ ಲೇಯರಿಗೆ ಎರಡನೆಯದನ್ನು ಕೊಟ್ಟರೆ ಅವು ಪರದೆಯಲ್ಲಿ ಇರುತ್ತವೆ, ಕಾಗದದಲ್ಲಿ ಆ ಜಾಗ ಖಾಲಿ ಬರುತ್ತದೆ. ಕೇಳಲು ಇದಕ್ಕಿಂತ ಅಚ್ಚುಕಟ್ಟಾದ ಉಪಾಯವಿಲ್ಲ ಎನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು.

ಮೇಲೆ ಹೇಳಿದ ಗಣಿತದ ಪುಸ್ತಕವನ್ನು ಮೊದಲ ವರ್ಷ ನಾನು ಹೀಗೆಯೇ ಮಾಡಿಕೊಟ್ಟೆ. ನನ್ನ ಕಂಪ್ಯೂಟರಿನಲ್ಲಿ ಎರಡು ಸಲ ಪ್ರಿಂಟ್ ತೆಗೆದು ನೋಡಿದೆ, ಉತ್ತರಗಳ ಜಾಗ ಬಿಳಿಯಾಗಿ ಬಂತು, ಮಕ್ಕಳು ಅಲ್ಲಿಯೇ ಲೆಕ್ಕ ಮಾಡಬಹುದಲ್ಲ ಎಂದು ಸಂತೋಷವೂ ಆಯಿತು. ವಾರದ ನಂತರ ಶಿಕ್ಷಕಿಯವರು ಫೋನ್ ಮಾಡಿ, "ಮೇಡಂ, ಆರು ಮಕ್ಕಳ ಹಾಳೆಯಲ್ಲಿ ಉತ್ತರ ಅಚ್ಚಾಗಿಯೇ ಬಂದಿದೆ, ಕಿರುಪರೀಕ್ಷೆ ರದ್ದು ಮಾಡಬೇಕಾಯಿತು" ಎಂದರು. ಆ ಮಕ್ಕಳು ಪ್ರಿಂಟ್ ತೆಗೆಸಿದ ಅಂಗಡಿಯಲ್ಲಿದ್ದ ತಂತ್ರಾಂಶ ಲೇಯರಿನ ಮುದ್ರಣ ಸೂಚನೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಂಗಡಿಯವರದಾಗಲಿ ಮಕ್ಕಳದಾಗಲಿ ಯಾವ ತಪ್ಪೂ ಇರಲಿಲ್ಲ. ನನ್ನ ಯಂತ್ರವೊಂದರಲ್ಲೇ ಪರೀಕ್ಷಿಸಿ ಕೊಟ್ಟ ತಪ್ಪು ನನ್ನದು. ಶಿಕ್ಷಕಿಯವರು ಹೊಸ ಪ್ರಶ್ನೆಗಳನ್ನು ಬರೆಯಲು ಒಂದು ಭಾನುವಾರ ಪೂರ್ತಿ ಕೂತರು. ಅಂದಿನಿಂದ, ಕಾಗದಕ್ಕೆ ಬಂದರೆ ಹಾನಿಯಾಗುವಂಥ ಯಾವುದನ್ನೂ ನಾನು ಲೇಯರಿಗೆ ಬಿಟ್ಟುಕೊಡುವುದಿಲ್ಲ.

ಹಾನಿಯಿಲ್ಲದ ವಿಷಯಗಳಿಗೆ ಈ ಉಪಾಯಗಳು ಬಹಳ ಚೆನ್ನಾಗಿವೆ. 'ವಿಡಿಯೋ ನೋಡಿ' ಎಂಬ ಬಟನ್ ಕಾಗದದಲ್ಲಿ ನಿರರ್ಥಕ. ಅಕ್ರೊಬ್ಯಾಟ್‌ನಲ್ಲಿ ಆ ಬಟನ್ನಿನ ಪ್ರಾಪರ್ಟೀಸ್ ತೆರೆದು, ಕಾಣಲಿ ಆದರೆ ಮುದ್ರಣವಾಗದಿರಲಿ ಎಂಬ ಆಯ್ಕೆ ಕೊಟ್ಟರೆ ಹಾಳೆ ಶುಭ್ರವಾಗಿ ಬರುತ್ತದೆ. ಇದರ ತಿರುವುಮುರುವು ಆಯ್ಕೆಯೂ ಇದೆ, ಪರದೆಯಲ್ಲಿ ಕಾಣದೆ ಕಾಗದದಲ್ಲಿ ಮಾತ್ರ ಬರುವುದು. ವಿದ್ಯಾರ್ಥಿಯ ಹೆಸರು, ದಿನಾಂಕ ಬರೆಯುವ ಗೆರೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ವಾಟರ್‌ಮಾರ್ಕಿಗೂ ಹಾಗೆಯೇ, ಮುದ್ರಿಸುವಾಗ ಮಾತ್ರ ತೋರಿಸು ಎಂದು ಹೇಳಬಹುದು. ಸಂಘದ ಕರಡು ನಡವಳಿಯನ್ನು ಸದಸ್ಯರು ಪರದೆಯಲ್ಲಿ ಅಡ್ಡಿಯಿಲ್ಲದೆ ಓದಬೇಕು, ಮುದ್ರಿಸಿದರೆ ಮಾತ್ರ 'ಕರಡು ಪ್ರತಿ' ಎಂದು ಅಡ್ಡಲಾಗಿ ಬರಬೇಕು ಎನ್ನುವ ಕಾರ್ಯದರ್ಶಿಗಳಿಗೆ ನಾನು ಇದನ್ನೇ ಮಾಡಿಕೊಡುತ್ತೇನೆ.

ವರ್ಡ್, ಎಕ್ಸೆಲ್, ವೆಬ್ ಪುಟ

ವರ್ಡಿನಲ್ಲಿ ಪಠ್ಯವನ್ನು ಆಯ್ದು ಫಾಂಟ್ ಕಿಟಕಿಯಲ್ಲಿ 'ಹಿಡನ್' ಎಂದು ಗುರುತಿಸಿದರೆ ಅದು ಮುದ್ರಣವಾಗುವುದಿಲ್ಲ. ಆದರೆ 'ಆಪ್ಷನ್ಸ್' ಒಳಗಿನ 'ಡಿಸ್‌ಪ್ಲೇ' ವಿಭಾಗದಲ್ಲಿ ಮರೆಮಾಡಿದ್ದನ್ನೂ ಮುದ್ರಿಸು ಎಂಬ ಗುರುತು ಓದುಗರ ಕೈಯಲ್ಲೇ ಇರುವುದರಿಂದ ವರ್ಡ್ ಫೈಲನ್ನೇ ಕಳುಹಿಸಬೇಡಿ, ಪಿಡಿಎಫ್ ಮಾಡಿ ಕಳುಹಿಸಿ. ಎಕ್ಸೆಲ್‌ನಲ್ಲಿ ಬೇಕಾದ ಸಾಲು ಮತ್ತು ಕಂಬಗಳನ್ನು ಆಯ್ದು 'ಪೇಜ್ ಲೇಔಟ್' ಅಡಿಯ 'ಪ್ರಿಂಟ್ ಏರಿಯಾ' ಗೊತ್ತುಮಾಡಿದರೆ ಅಷ್ಟೇ ಭಾಗ ಮುದ್ರಣವಾಗುತ್ತದೆ. ಬಾಕಿದಾರರ ಪಟ್ಟಿಯಿರುವ ಹಾಳೆಗೆ ಇದು ಅನುಕೂಲದ ಉಪಾಯ, ರಕ್ಷಣೆಯ ಉಪಾಯವಲ್ಲ. ಪವರ್‌ಪಾಯಿಂಟಿನಲ್ಲಿ ಸ್ಲೈಡ್ ಮರೆಮಾಡಿದರೂ ಪ್ರಿಂಟ್ ಕಿಟಕಿಯಲ್ಲಿ ಮರೆಯಾದವನ್ನೂ ಮುದ್ರಿಸುವ ಗುರುತು ಇರುತ್ತದೆ, ಅದನ್ನು ತೆಗೆದಿರಬೇಕು.

ಪಾಠವನ್ನು ವೆಬ್ ಪುಟವಾಗಿ ಕೊಡುವವರ ಕೆಲಸ ಎಲ್ಲಕ್ಕಿಂತ ಸುಲಭ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಸೂಚನೆಗಳಲ್ಲಿ ಮುದ್ರಣಕ್ಕೆಂದೇ 'ಮೀಡಿಯಾ ಪ್ರಿಂಟ್' ಎಂಬ ವಿಭಾಗ ಬರೆಯಬಹುದು. ಉತ್ತರಗಳಿಗೆ, ಮೆನುಗಳಿಗೆ, ವಿಡಿಯೋಗಳಿಗೆ ಒಂದು ಕ್ಲಾಸ್ ಹೆಸರು ಕೊಟ್ಟು, ಆ ವಿಭಾಗದೊಳಗೆ ಆ ಕ್ಲಾಸಿನ 'ಡಿಸ್‌ಪ್ಲೇ' ಬೆಲೆಯನ್ನು 'ನನ್' ಎಂದು ಬರೆದರೆ ಕಂಟ್ರೋಲ್-ಪಿ ಒತ್ತಿದಾಗ ಅವೆಲ್ಲ ಮರೆಯಾಗಿ ಲೆಕ್ಕಗಳಷ್ಟೇ ಹಾಳೆಗೆ ಬರುತ್ತವೆ. ಒಂದು ಲೆಕ್ಕ ಎರಡು ಹಾಳೆಗೆ ಹರಿದುಹೋಗದಂತೆ 'ಬ್ರೇಕ್ ಇನ್‌ಸೈಡ್' ಬೆಲೆಯನ್ನು 'ಅವಾಯ್ಡ್' ಮಾಡಿ.

ಹೆಸರು, ನಂಬರು ಮುಚ್ಚುವುದು ಬೇರೆಯೇ ಕೆಲಸ

ಫೋನ್ ನಂಬರುಗಳ ಮೇಲೆ ಕಪ್ಪು ಪಟ್ಟಿ ಎಳೆದು ಮುದ್ರಣಕ್ಕೆ ಕೊಡುವ ಅಭ್ಯಾಸ ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಇದೆ. ಕಾಗದದಲ್ಲಿ ಅದು ಮುಚ್ಚಿದಂತೆಯೇ ಕಾಣುತ್ತದೆ. ಆದರೆ ಫೈಲಿನಲ್ಲಿ ಪಟ್ಟಿಯ ಕೆಳಗೆ ಅಂಕಿಗಳು ಹಾಗೆಯೇ ಇರುತ್ತವೆ, ಸೆಲೆಕ್ಟ್ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಬಂದುಬಿಡುತ್ತವೆ. ಇಂಥ ಕೆಲಸಕ್ಕೆ ಲಿಬ್ರೆಆಫೀಸಿನಲ್ಲಿ 2019ರ 6.3ನೇ ಆವೃತ್ತಿಯಿಂದ 'ಟೂಲ್ಸ್' ಮೆನುವಿನಲ್ಲಿ 'ರಿಡ್ಯಾಕ್ಟ್' ಎಂಬುದಿದೆ. ಅದು ಫೈಲನ್ನು ಡ್ರಾ ತಂತ್ರಾಂಶದಲ್ಲಿ ತೆರೆದು, ನೀವು ಎಳೆದ ಪಟ್ಟಿಗಳನ್ನು ಸೇರಿಸಿ ಪುಟವನ್ನೇ ಚಿತ್ರವಾಗಿಸಿ ಪಿಡಿಎಫ್ ಮಾಡುತ್ತದೆ, ಕೆಳಗೆ ಪಠ್ಯ ಉಳಿಯುವುದಿಲ್ಲ. ಅಂಕಿಗಳನ್ನು ಮೂಲದಲ್ಲೇ ಅಳಿಸಿ ಹೊಸದಾಗಿ ಪಿಡಿಎಫ್ ಮಾಡುವುದು ಅದಕ್ಕಿಂತಲೂ ಒಳ್ಳೆಯದು.

ಕೊನೆಯ ಹೆಜ್ಜೆ: ಕಳುಹಿಸುವ ಮುನ್ನ

ಎರಡೂ ಫೈಲ್‌ಗಳನ್ನು ಕನಿಷ್ಠ ಮೂರು ಕಡೆ ತೆರೆದು ನೋಡಿ: ಅಡೋಬಿ ರೀಡರಿನಲ್ಲಿ, ಒಂದು ಬ್ರೌಸರಿನಲ್ಲಿ, ಒಂದು ಆಂಡ್ರಾಯ್ಡ್ ಫೋನಿನಲ್ಲಿ. ಪ್ರತಿ ಕಡೆಯೂ ಪ್ರಿಂಟ್ ಕಿಟಕಿಯವರೆಗೆ ಹೋಗಿ, ಪ್ರಿವ್ಯೂನಲ್ಲಿ ಯಾವ ಪುಟಗಳು ಬರುತ್ತಿವೆ ಎಂದು ಕಣ್ಣಾರೆ ನೋಡಬೇಕು. ಆಮೇಲೆ ನಿಮ್ಮ ಓದುಗರು ಹೋಗುವಂಥದ್ದೇ ಒಂದು ಜೆರಾಕ್ಸ್ ಅಂಗಡಿಗೆ ಹೋಗಿ, ಓದುಗರು ಕಳುಹಿಸುವಂತೆಯೇ ವಾಟ್ಸಾಪಿನಲ್ಲಿ ಕಳುಹಿಸಿ, ಮುದ್ರಣದ ಫೈಲಿನ ಎರಡು ಪುಟ ತೆಗೆಸಿ ನೋಡಿ. ಕನ್ನಡದ ಒತ್ತಕ್ಷರಗಳು ಬೇರೆ ಯಂತ್ರದಲ್ಲಿ ಸರಿಯಾಗಿ ಬಂದಿವೆಯೇ ಎಂಬುದೂ ಅಲ್ಲಿಯೇ ತಿಳಿಯುತ್ತದೆ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟ್ ಬಳಸಿದ ಮೂಲವಾದರೆ ಪಿಡಿಎಫ್‌ನೊಳಗೆ ಫಾಂಟ್ ಸೇರಿದೆಯೇ ಎಂದು ಅಡೋಬಿ ರೀಡರಿನ 'ಡಾಕ್ಯುಮೆಂಟ್ ಪ್ರಾಪರ್ಟೀಸ್' ಒಳಗಿನ 'ಫಾಂಟ್ಸ್' ವಿಭಾಗದಲ್ಲಿ ನೋಡಿಕೊಳ್ಳಿ. ಸೇರಿಲ್ಲದಿದ್ದರೆ ಅಂಗಡಿಯ ಯಂತ್ರದಲ್ಲಿ ಕನ್ನಡದ ಜಾಗಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಫೈಲಿನ ಹೆಸರಿನಲ್ಲೇ ಅದರ ಕೆಲಸ ತಿಳಿಯುವಂತಿರಲಿ: 'ಗಣಿತ ಅಭ್ಯಾಸ, ಮುದ್ರಣಕ್ಕೆ' ಮತ್ತು 'ಗಣಿತ ಉತ್ತರ ಸಹಿತ, ಓದಲು ಮಾತ್ರ'. ಪರದೆಯ ಫೈಲಿನ ಮೊದಲ ಪುಟದಲ್ಲಿ ಎರಡು ಸಾಲು ಬರೆಯುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ: ಈ ಫೈಲ್ ಮುದ್ರಣವಾಗುವುದಿಲ್ಲ, ಮುದ್ರಿಸಬೇಕಾದ ಹಾಳೆಗಳು ಇಂಥ ಹೆಸರಿನ ಇನ್ನೊಂದು ಫೈಲಿನಲ್ಲಿವೆ. ಶಿಕ್ಷಕಿಯವರ ಪುಸ್ತಕಕ್ಕೆ ಈ ಸಾಲುಗಳನ್ನು ಸೇರಿಸಿದ ಮೇಲೆ ಪ್ರಿಂಟ್ ಬರುತ್ತಿಲ್ಲ ಎಂಬ ಫೋನ್ ಕರೆಗಳು ಅವರಿಗೆ ನಿಂತವು. ಅನುಮತಿಗಳ ಪಾಸ್‌ವರ್ಡನ್ನು ಅವರು ತಮ್ಮ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಅದು ಕಳೆದರೂ ಚಿಂತೆಯಿಲ್ಲ, ಮೂಲ ಪ್ರತಿ ಇದ್ದರೆ ಹೊಸ ಪಾಸ್‌ವರ್ಡ್ ಕೊಟ್ಟು ಮತ್ತೆ ಪಿಡಿಎಫ್ ಹೊರಡಿಸಬಹುದು. ಹಾಗಾಗಿ ಎರಡು ಕಡೆ ಜೋಪಾನವಾಗಿ ಇಡಬೇಕಾದದ್ದು ಆ ಮೂಲ ಪ್ರತಿಯನ್ನು.